ಅರಿಕುಠಾರದಿಂದ 192.168ರವರೆಗೆ

1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟರು. ಎಂಟು ವರ್ಷಗಳ ಬಳಿಕ, 1826ರಲ್ಲಿ, ಚಾಮರಾಜೇಶ್ವರ ದೇವಸ್ಥಾನ ಎದ್ದು ನಿಂತಿತು. ಊರು ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಬದಲಾಯಿತು. ಹಳೆಯ ಹೆಸರು ಹೊತ್ತು ಬಂದ ಓಲೆಯೂ ಹೊಸ ಹೆಸರಿನ ಓಲೆಯೂ ಒಂದೇ ಬಾಗಿಲಿಗೆ ಮುಟ್ಟಬೇಕಿತ್ತು. ಬರೆದವರಿಂದ ಆಗುವ ಕೆಲಸ ಇದಲ್ಲ, ಓದುವವರಿಂದಲೂ ಅಲ್ಲ. ನಡುವೆ ಕೂತು ಯಾವ ಹೆಸರು ಯಾವ ಜಾಗದ್ದು ಎಂಬ ಲೆಕ್ಕ ಇಟ್ಟುಕೊಂಡವನ ಕೆಲಸ ಇದು.

ಆ ನಡುವಿನವನು ಇನ್ನೂರು ವರ್ಷಗಳಲ್ಲಿ ಹಲವು ರೂಪ ತಾಳಿದ. ಮೊದಲು ಅಂಚೆಯವನಾಗಿದ್ದ, ಆಮೇಲೆ ಟ್ರಂಕ್ ಕಾಲ್ ಕೂಡಿಸುವ ಆಪರೇಟರ್ ಆದ, ಬಳಿಕ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರವಾದ. ಈಗ ಕಚೇರಿಯ ಮೂಲೆಯಲ್ಲಿ, ಕಿಟಕಿಯ ಮೇಲೆ, ಹಸಿರು ದೀಪ ಮಿಣುಕಿಸುತ್ತಾ ಕೂತಿರುವ ಅಂಗೈಯಗಲದ ಪೆಟ್ಟಿಗೆ, ಅಂದರೆ ರೂಟರ್. ಅದು ನಿಂತರೆ ಪಹಣಿ ನಿಲ್ಲುತ್ತದೆ, ಜಾತಿ ಪ್ರಮಾಣಪತ್ರ ನಿಲ್ಲುತ್ತದೆ, ಪಿಂಚಣಿಯ ಅರ್ಜಿ ನಿಲ್ಲುತ್ತದೆ. ಆಗ ಸರದಿಯಲ್ಲಿ ನಿಂತವರಿಗೆ ಸಿಗುವ ಉತ್ತರ ಈ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ: “ಸರ್ವರ್ ಹೋಗದ ಕಣಪ್ಪ, ನಾಳ ಬಾ.”

ಎಷ್ಟೋ ಸಲ ಸರ್ವರ್ ಎಲ್ಲಿಗೂ ಹೋಗಿರುವುದಿಲ್ಲ. ಕೆಟ್ಟಿರುವುದು ಎಲ್ಲಿ ಎಂದು ಯಾರೂ ಹುಡುಕಿರುವುದಿಲ್ಲ, ಅಷ್ಟೆ. ಹುಡುಕುವ ವಿದ್ಯೆ ಮಾತ್ರ ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ಹೊಸದಲ್ಲ.

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದರೆ ಹಂಗಳ ಸಿಗುತ್ತದೆ. ಪಟ್ಟಕ್ಕೆ ಬರುವ ಮೊದಲು ಚಿಕ್ಕದೇವರಾಜ ಒಡೆಯರನ್ನು ಇರಿಸಿದ್ದು ಇಲ್ಲೇ. ಯಳಂದೂರಿನ ವಿಶಾಲಾಕ್ಷ ಪಂಡಿತ ಆಗ ಅವರ ಒಡನಾಡಿ, ಮುಂದೆ ಅವರ ಮಂತ್ರಿ. ಮೈಸೂರು ಸಂಸ್ಥಾನದ ಅಂಚೆ ವ್ಯವಸ್ಥೆ 1670ರ ದಶಕದಲ್ಲಿ ಈ ಚಿಕ್ಕದೇವರಾಜರ ಹೆಸರಿನೊಂದಿಗೆ ಶುರುವಾಯಿತು. ಅಂಚೆಯವರು ಓಲೆ ಒಯ್ಯುವುದರ ಜೊತೆಗೆ ಸೀಮೆಯ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಎರಡು ಶತಮಾನಕ್ಕೂ ಮೀರಿ ಒಂದು ನಾಡು ತನ್ನದೇ ಅಂಚೆಯನ್ನು ನಡೆಸಿಕೊಂಡು ಬಂದಿತ್ತು.

ಆ ಪದ್ಧತಿಯ ಒಳಗುಟ್ಟು ಸರಳ. ಓಟದವನು ಚೀಲವನ್ನು ಒಂದು ಕಟ್ಟೆಯವರೆಗೆ ಒಯ್ದು ಮುಂದಿನವನಿಗೆ ಒಪ್ಪಿಸುತ್ತಿದ್ದ. ಪೂರ್ತಿ ದಾರಿ ಅವನಿಗೆ ಗೊತ್ತಿರಬೇಕಿರಲಿಲ್ಲ, ಮುಂದಿನ ಕಟ್ಟೆ ಯಾವುದೆಂದು ತಿಳಿದಿದ್ದರೆ ಸಾಕಿತ್ತು. ಇವತ್ತಿನ ಇಂಟರ್ನೆಟ್ ಕೂಡ ಹೀಗೆಯೇ ನಡೆಯುತ್ತದೆ. ದಾರಿಯಲ್ಲಿರುವ ಪ್ರತಿ ರೂಟರಿಗೂ ತನ್ನ ಮುಂದಿನ ರೂಟರ್ ಯಾವುದೆಂದಷ್ಟೇ ಗೊತ್ತು. ಓಲೆ ಮುಟ್ಟಲಿಲ್ಲವೆಂದರೆ ಎರಡು ಕಾಲದಲ್ಲೂ ಕೇಳುವ ಪ್ರಶ್ನೆ ಒಂದೇ: ಯಾವ ಕಟ್ಟೆಯವರೆಗೆ ಬಂದಿತ್ತು?

1926ರಲ್ಲಿ ನಂಜನಗೂಡಿನಿಂದ ರೈಲು ಚಾಮರಾಜನಗರಕ್ಕೆ ಬಂತು. ಜನರ ಓಡಾಟ ಹೆಚ್ಚಿದಂತೆ ವಿಳಾಸಗಳೂ ಉದ್ದವಾದವು. ಹೊಸಹಳ್ಳಿ, ಹೊಸೂರಿನಂಥ ಹೆಸರುಗಳು ಹಳೆ ಮೈಸೂರಿನಲ್ಲಿ ಕಂಡಕಂಡಲ್ಲಿ ಇವೆ. ಬರೀ ಹೊಸಹಳ್ಳಿ ಎಂದು ಬರೆದ ಕಾಗದ ಎಲ್ಲಿಗೆ ಹೋಗಬೇಕು? ಅದಕ್ಕೇ ವಿಳಾಸದಲ್ಲಿ ಹೋಬಳಿಯ ಹೆಸರು ಬೇಕಾಯಿತು. ಗುಂಡ್ಲುಪೇಟೆ ತಾಲ್ಲೂಕಿಗೆ ಕಸಬಾ, ಬೇಗೂರು, ತೆರಕಣಾಂಬಿ, ಹಂಗಳ ಹೋಬಳಿಗಳು. ಚಾಮರಾಜನಗರಕ್ಕೆ ಕಸಬಾ, ಹರದನಹಳ್ಳಿ, ಹರವೆ, ಚಂದಕವಾಡಿ, ಸಂತೇಮರಹಳ್ಳಿ. ಒಂದೇ ಹೆಸರಿನ ಎರಡು ಊರುಗಳು ಬೇರೆ ಬೇರೆ ಹೋಬಳಿಯಲ್ಲಿದ್ದರೆ ತಂಟೆಯಿಲ್ಲ. ಒಂದೇ ಹೋಬಳಿಯಲ್ಲಿದ್ದರೆ ಅಂಚೆಯವನ ಪಾಡು ಕಷ್ಟ.

ಅಂಕಿಯ ವಿಳಾಸ ಬಂದದ್ದು 1972ರ ಆಗಸ್ಟ್ 15ರಂದು. ಶ್ರೀರಾಮ ಭಿಕಾಜಿ ವೇಲಣ್‌ಕರ್ ರೂಪಿಸಿದ ಆರಂಕಿಯ ಪಿನ್ ಕೋಡ್ ಅಂದು ದೇಶದಲ್ಲಿ ಜಾರಿಗೆ ಬಂತು. ಚಾಮರಾಜನಗರಕ್ಕೆ 571313, ಗುಂಡ್ಲುಪೇಟೆಗೆ 571111, ಕೊಳ್ಳೇಗಾಲಕ್ಕೆ 571440. ದೂರದಲ್ಲಿ ಕಾಗದ ವಿಂಗಡಿಸುವವನು ಮೊದಲ ಮೂರು ಅಂಕಿ ನೋಡುತ್ತಾನೆ. 571 ಕಂಡರೆ ಮೈಸೂರಿನ ಕಡೆಗೆ ಹಾಕುತ್ತಾನೆ. ಕೊನೆಯ ಮೂರು ಅಂಕಿ ಹತ್ತಿರ ಬಂದ ಮೇಲಷ್ಟೇ ಕೆಲಸಕ್ಕೆ ಬರುತ್ತವೆ. ಟೆಲಿಫೋನಿನ ಎಸ್‌ಟಿಡಿ ಕೋಡಿನಲ್ಲೂ ಇದೇ ನಡೆ. ಮೈಸೂರು 0821, ನಂಜನಗೂಡು 08221, ಕೊಳ್ಳೇಗಾಲ 08224, ಚಾಮರಾಜನಗರ 08226, ಗುಂಡ್ಲುಪೇಟೆ 08229. ಮುಂದಿನ ಅಂಕಿಗಳು ಸೀಮೆಯನ್ನು ಹೇಳುತ್ತವೆ, ಹಿಂದಿನವು ಮನೆಯನ್ನು. ಕಂಪ್ಯೂಟರ್‌ಗಳ ವಿಳಾಸವನ್ನೂ ಇದೇ ತತ್ವದ ಮೇಲೆ ಕಟ್ಟಿದ್ದಾರೆ. 192.168.1.5 ಮತ್ತು 192.168.1.9 ಒಂದೇ ಕೇರಿಯವು, 192.168.0.5 ಪಕ್ಕದ ಕೇರಿಯದು. ಕೇರಿ ಬೇರೆಯಾದರೆ ನಡುವೆ ರೂಟರ್ ಇಲ್ಲದೆ ಮಾತಿಲ್ಲ.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆಯಾಯಿತು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಆಮೇಲೆ ಮೈಸೂರು ಜಿಲ್ಲೆಗೆ ಬಂದಿದ್ದ ಕೊಳ್ಳೇಗಾಲಕ್ಕೆ ಇದು ಮೂರನೆಯ ಜಿಲ್ಲೆ. ಲಕೋಟೆಯ ಮೇಲಿನ ಜಿಲ್ಲೆಯ ಹೆಸರು ಬದಲಾದರೂ ಪಿನ್ ಕೋಡ್ ಬದಲಾಗಲಿಲ್ಲ, ಎಸ್‌ಟಿಡಿ ಕೋಡೂ ಬದಲಾಗಲಿಲ್ಲ. ಅಂಚೆಯ ಆಡಳಿತದಲ್ಲಿ ಚಾಮರಾಜನಗರ ಇಂದಿಗೂ ನಂಜನಗೂಡು ವಿಭಾಗಕ್ಕೆ ಸೇರಿದ್ದು. ಜನ ಕರೆಯುವ ಹೆಸರಿನ ದಾರಿ ಬೇರೆ, ಜಾಲ ನಡೆಯುವ ಅಂಕಿಯ ದಾರಿ ಬೇರೆ. ಎರಡನ್ನೂ ಹೊಂದಿಸುವ ಪಟ್ಟಿಯೊಂದು ಎಲ್ಲಾದರೂ ಇರಲೇಬೇಕು.

ಟೆಲಿಫೋನಿನ ಮೊದಲ ದಿನಗಳಲ್ಲಿ ಆ ಪಟ್ಟಿ ಆಪರೇಟರ್ ತಲೆಯಲ್ಲಿತ್ತು. ಅರಿಶಿನದ ಧಾರಣೆ ಕೇಳಲು ಬೇರೆ ಊರಿನ ಮಂಡಿಗೆ ಮಾತಾಡಬೇಕಾದವರು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಸಣ್ಣ ಊರುಗಳಿಗೆ ತಾನಾಗಿ ಕೂಡಿಸುವ ಯಂತ್ರ ಬಂದದ್ದು ಸಿ-ಡಾಟ್‌ನಿಂದ. 1984ರಲ್ಲಿ ಹುಟ್ಟಿದ ಈ ಸಂಸ್ಥೆ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ತಯಾರಿಸಿತು. ಅದರ ಮೊದಲನೆಯದು 1986ರ ಜುಲೈಯಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲೇ ಕೆಲಸ ಶುರುಮಾಡಿತು. ಧೂಳು, ಸೆಖೆಗಳನ್ನು ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯಬಲ್ಲ ಯಂತ್ರ ಅದು. ಮುಂದಿನ ವರ್ಷಗಳಲ್ಲಿ ದೇಶದ ಸಾವಿರಾರು ಹಳ್ಳಿಗಳಿಗೆ ಹೋಯಿತು.

ಎಕ್ಸ್‌ಚೇಂಜಿನ ಜೊತೆಯಲ್ಲೇ ಬೆಳೆದದ್ದು ಲೈನ್‌ಮನ್‌ನ ಕಸುಬು. ಫೋನ್ ಸತ್ತಿತೆಂದರೆ 198ಕ್ಕೆ ದೂರು ಹೋಗುತ್ತಿತ್ತು, ದೂರಿಗೊಂದು ಡಾಕೆಟ್ ನಂಬರ್ ಬೀಳುತ್ತಿತ್ತು. ಆಮೇಲಿನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಎಕ್ಸ್‌ಚೇಂಜಿನೊಳಗಿನ ಎಂಡಿಎಫ್ ಚೌಕಟ್ಟಿನಲ್ಲಿ ಆ ನಂಬರಿನ ಜೋಡಿ ತಂತಿ ಬಿಡಿಸಿ ಟೆಸ್ಟ್ ಫೋನ್ ಹಚ್ಚಿ ನೋಡಬೇಕು. ಅಲ್ಲಿ ಡಯಲ್ ಟೋನ್ ಬಂದರೆ ಎಕ್ಸ್‌ಚೇಂಜ್ ಸರಿ, ದೋಷ ಹೊರಗೆ. ಆಮೇಲೆ ರಸ್ತೆ ಬದಿಯ ಕ್ಯಾಬಿನೆಟ್, ಅದಾದ ಮೇಲೆ ಕಂಬದ ಮೇಲಿನ ಡಿಪಿ ಪೆಟ್ಟಿಗೆ, ಅಲ್ಲಿಂದ ಮನೆಗೆ ಇಳಿದ ತಂತಿ, ಕೊನೆಗೆ ಫೋನು. ಟೋನ್ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ನಿಲ್ಲುತ್ತದೆ ಎಂದು ಗೊತ್ತಾದರೆ ಆ ಎರಡು ಜಾಗದ ನಡುವೆಯೇ ದೋಷ. ಮಳೆಗೆ ನೀರಿಳಿದ ಜಾಯಿಂಟ್ ಇರಬಹುದು, ರಸ್ತೆ ಅಗೆದಾಗ ತುಂಡಾದ ಕೇಬಲ್ ಇರಬಹುದು. ಊಹೆ ಮಾಡಿ ಹೇಳುವುದಕ್ಕೆ ಈ ಕಸುಬಿನಲ್ಲಿ ಬೆಲೆಯಿರಲಿಲ್ಲ. ರಿಜಿಸ್ಟರಿನಲ್ಲಿ ದೋಷದ ಜಾಗ ಬರೆದ ಮೇಲೆಯೇ ಡಾಕೆಟ್ ಮುಗಿಯುತ್ತಿತ್ತು.

ಕಂಪ್ಯೂಟರ್‌ಗಳ ಲೋಕದಲ್ಲೂ ಮೊದಲು ಲೆಕ್ಕ ಇಟ್ಟವರು ಮನುಷ್ಯರೇ. ಅಮೆರಿಕದ ಅರ್ಪಾನೆಟ್ ಜಾಲಕ್ಕೆ ಸೇರಿದ ಪ್ರತಿ ಯಂತ್ರದ ಹೆಸರು ಮತ್ತು ಅಂಕಿಯನ್ನು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು. ಅಂಕಿಗಳನ್ನು ಹಂಚುವ ಹೊಣೆ ಬಹುಕಾಲ ಜಾನ್ ಪೋಸ್ಟೆಲ್ ಅವರದಾಗಿತ್ತು. 1983ರ ಜನವರಿ 1ರಂದು ಅರ್ಪಾನೆಟ್ ಈಗಿನ ಐಪಿ, ಅಂದರೆ ಇಂಟರ್ನೆಟ್ ಪ್ರೋಟೊಕಾಲ್ ಪದ್ಧತಿಗೆ ಬದಲಾಯಿತು. ಅದೇ ವರ್ಷ ಪಾಲ್ ಮೊಕಪೆಟ್ರಿಸ್ ಹೆಸರುಗಳನ್ನು ಹಂಚಿ ನೋಡಿಕೊಳ್ಳುವ ಡಿಎನ್ಎಸ್ ರೂಪಿಸಿದರು. ಒಂದೇ ಕಡತದ ಕಾಲ ಮುಗಿಯುತ್ತಾ ಬಂತು. 1993ರಲ್ಲಿ ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಬಂತು. ಯಂತ್ರ ಆನ್ ಆದ ಕೂಡಲೇ “ನನಗೊಂದು ವಿಳಾಸ ಕೊಡಿ” ಎಂದು ಕೂಗುತ್ತದೆ, ರೂಟರ್ ಇಷ್ಟು ಹೊತ್ತಿಗೆಂದು ಲೀಸ್ ಮೇಲೆ ಒಂದನ್ನು ಕೊಟ್ಟು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅರ್ಧ ಅವಧಿ ಕಳೆದಾಗ ಯಂತ್ರ ಮತ್ತೆ ಕೇಳಿ ಲೀಸ್ ಮುಂದುವರಿಸಿಕೊಳ್ಳುತ್ತದೆ.

ಐಪಿಯ ಹಳೆಯ, ಅಂದರೆ ನಾಲ್ಕನೆಯ ಆವೃತ್ತಿಯಲ್ಲಿ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಇಷ್ಟು ಸಾಲುವುದಿಲ್ಲವೆಂದು 1990ರ ದಶಕದಲ್ಲೇ ಗೊತ್ತಾಯಿತು. 1996ರಲ್ಲಿ 192.168 ಎಂದು ಶುರುವಾಗುವವೂ ಸೇರಿ ಮೂರು ಗುಂಪಿನ ಅಂಕಿಗಳನ್ನು ಮನೆಯೊಳಗಿನ ಬಳಕೆಗೆಂದು ಎಲ್ಲರಿಗೂ ಬಿಟ್ಟುಕೊಟ್ಟರು. ಹೀಗಾಗಿ ಗುಂಡ್ಲುಪೇಟೆಯ ಅಂಗಡಿಯಲ್ಲೂ 192.168.1.1 ಇದೆ, ಲಂಡನ್ನಿನ ಮನೆಯಲ್ಲೂ ಇದೆ. ಎರಡಕ್ಕೂ ಜಗಳವಿಲ್ಲ, ಏಕೆಂದರೆ ಹೊರಗೆ ಹೋಗುವಾಗ ರೂಟರ್ ತನ್ನ ಹೊರ ವಿಳಾಸ ಹಚ್ಚಿ ಕಳಿಸುತ್ತದೆ. ಪ್ರತಿ ತಾಲ್ಲೂಕಿಗೊಂದು ಹೊಸಹಳ್ಳಿ ಇರುವುದೂ ಹೋಬಳಿಯ ಹೆಸರು ಅದನ್ನು ಕಾಯುವುದೂ ಇಲ್ಲಿಯವರಿಗೆ ಗೊತ್ತಿದ್ದ ಸಂಗತಿಯೇ.

ಈ ಅಂಕಿಗಳು ಸಾಮಾನ್ಯರ ಬಾಳಿಗೆ ತಟ್ಟಿದ್ದು ಭೂಮಿ ಯೋಜನೆಯಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಶಾನುಭೋಗರ ಕಾಲದಿಂದ ಕೈಬರಹದಲ್ಲಿ ಬಂದ ಪಹಣಿಯ ಜಾಗದಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗತೊಡಗಿತು. ಆ ಮೊದಲ ದಿನಗಳಲ್ಲಿ ತಾಲ್ಲೂಕಿನ ದಾಖಲೆ ಇದ್ದ ಕಂಪ್ಯೂಟರ್ ತಾಲ್ಲೂಕು ಕಚೇರಿಯ ಒಳಗೇ ಇತ್ತು. ಕೆಟ್ಟರೆ ಗೋಡೆಯಾಚೆ ಹೋಗಿ ನೋಡಬಹುದಿತ್ತು. ಮುಂದೆ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು, ಕಚೇರಿಗಳು ಸರ್ಕಾರದ ಕೆಸ್ವಾನ್ ಜಾಲದ ಮೇಲೆ ಅವನ್ನು ತಲುಪಬೇಕಾಯಿತು. ಕಿಟಕಿಗೂ ಪಹಣಿಗೂ ನಡುವೆ ಈಗ ಹತ್ತಾರು ಕಟ್ಟೆಗಳು. ಯಾವ ಕಟ್ಟೆಯಲ್ಲಿ ಮುಗ್ಗರಿಸಿತೆಂದು ಕಿಟಕಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ಸರ್ವರ್ ಹೋಗಿದೆ ಎಂಬ ಮಾತು ಹುಟ್ಟಿದ್ದು ಈ ದೂರದಿಂದ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುಮಾಡಿತು. ಹಳೆಯ ಟೆಲಿಫೋನ್ ತಂತಿಯ ಮೇಲೆಯೇ ಇಂಟರ್ನೆಟ್ ಬಂತು, ಜೊತೆಗೆ ಮನೆಮನೆಗೂ ಒಂದು ಮೋಡೆಮ್. ಲೈನ್‌ಮನ್‌ಗಳು ಆ ತನಕ ಕೇಳಿರದ ಅಂಕಿಗಳನ್ನು ಕಲಿತರು. ವಿಪಿಐ 0, ವಿಸಿಐ 35 ಎಂಬುದು ಬಿಎಸ್‌ಎನ್‌ಎಲ್ ಮೋಡೆಮ್ ಕೂಡಿಸುವ ಎಲ್ಲರಿಗೂ ಬಾಯಿಗೆ ಬಂತು. ಡಿಎಸ್ಎಲ್ ದೀಪ ಮಿಣುಕುತ್ತಿದ್ದರೆ ಲೈನ್ ದೋಷ, ಅದು ಸ್ಥಿರವಾಗಿದ್ದು ಇಂಟರ್ನೆಟ್ ದೀಪ ಹೊತ್ತದಿದ್ದರೆ ಪಾಸ್‌ವರ್ಡ್ ದೋಷ. ಟೋನ್ ಕೇಳುತ್ತಿದ್ದ ಕಿವಿಯ ಕೆಲಸ ಕಣ್ಣಿಗೆ ಬಂತು, ಕ್ರಮ ಹಳೆಯದೇ.

ರೂಟರ್ ನಿಂತಾಗ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಒಂದು ಸಣ್ಣ ಕಚೇರಿ, ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್ ಎಂದುಕೊಳ್ಳೋಣ. ಬೆಳಿಗ್ಗೆ ಕರೆಂಟ್ ಹೋಯಿತು. ಕಂಪ್ಯೂಟರ್‌ಗಳೂ ಅವನ್ನು ಕೂಡಿಸುವ ಸ್ವಿಚ್ಚೂ ಯುಪಿಎಸ್ ಮೇಲಿವೆ, ರೂಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿದೆ. ರೂಟರ್ ಸತ್ತದ್ದು ಕಂಪ್ಯೂಟರ್‌ಗಳಿಗೆ ತಿಳಿಯುವುದೇ ಇಲ್ಲ. ತಮ್ಮ ತಮ್ಮ ವಿಳಾಸ ಹಿಡಿದು ಕೂತೇ ಇರುತ್ತವೆ. ಕರೆಂಟ್ ಬಂದು ರೂಟರ್ ಎದ್ದಿತು. ಎಷ್ಟೋ ಸಣ್ಣ ರೂಟರ್‌ಗಳು ಲೀಸಿನ ಪಟ್ಟಿಯನ್ನು ಕರೆಂಟ್ ಹೋದರೆ ಅಳಿಸಿಹೋಗುವ ನೆನಪಿನಲ್ಲಿ ಇಡುತ್ತವೆ. ಎದ್ದ ರೂಟರಿಗೆ ಪಟ್ಟಿ ಖಾಲಿ. ಅಷ್ಟರಲ್ಲಿ ಯಾರದೋ ಮೊಬೈಲ್ ವೈಫೈಗೆ ಸೇರಿತು, ರೂಟರ್ ಅದಕ್ಕೆ 192.168.1.3 ಕೊಟ್ಟಿತು. ಆ ವಿಳಾಸವನ್ನು ಎರಡನೆಯ ಕಂಪ್ಯೂಟರ್ ಬೆಳಿಗ್ಗೆಯಿಂದ ಹಿಡಿದುಕೊಂಡಿದೆ. ಈಗ ಒಂದೇ ಮನೆ ನಂಬರಿಗೆ ಇಬ್ಬರು. ಬರಬೇಕಾದ ಉತ್ತರ ಒಮ್ಮೆ ಇವರಿಗೆ ಹೋಗುತ್ತದೆ, ಒಮ್ಮೆ ಅವರಿಗೆ. ಅರ್ಜಿ ಅರ್ಧದಲ್ಲಿ ನಿಲ್ಲುತ್ತದೆ, ಮತ್ತೆ ನಡೆಯುತ್ತದೆ, ಮತ್ತೆ ನಿಲ್ಲುತ್ತದೆ. ಕೊಡುವ ಮೊದಲು ಆ ವಿಳಾಸದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ನೋಡುವ ರೂಟರ್‌ಗಳಿವೆ, ನೋಡದವೂ ಇವೆ.

ರೂಟರ್ ಏಳಲೇ ಇಲ್ಲವೆಂದರೆ ಕಥೆ ಬೇರೆ. ಹೊಸದಾಗಿ ಆನ್ ಮಾಡಿದ ಕಂಪ್ಯೂಟರ್ ವಿಳಾಸಕ್ಕಾಗಿ ಕೂಗುತ್ತದೆ, ಉತ್ತರವಿಲ್ಲ. ಆಗ ಅದು ತಾನೇ 169.254 ಎಂದು ಶುರುವಾಗುವ ಒಂದು ಅಂಕಿಯನ್ನು ಆರಿಸಿಕೊಳ್ಳುತ್ತದೆ. ವಿಂಡೋಸ್ 98ರ ಕಾಲದಿಂದ ಬಳಕೆಯಲ್ಲಿರುವ ಈ ಏರ್ಪಾಟಿಗೆ 2005ರಲ್ಲಿ ಲಿಖಿತ ನಿಯಮವೂ ಬಂತು. ಪಕ್ಕದ ಮೇಜಿನ ಯಂತ್ರದೊಂದಿಗೆ ಮಾತಾಡಲು ಆ ಅಂಕಿ ಸಾಕು, ಕಚೇರಿಯ ಹೊಸಿಲು ದಾಟಲು ಸಾಲದು. ಪರದೆಯ ಮೇಲೆ 169.254 ಕಂಡರೆ ಸರ್ವರಿನ ಮಾತೇ ಎತ್ತಬೇಕಿಲ್ಲ. ದೋಷ ಆ ಯಂತ್ರಕ್ಕೂ ರೂಟರಿಗೂ ನಡುವೆ, ಕೋಣೆಯ ಒಳಗೇ ಇದೆ.

ಹುಡುಕುವ ಕ್ರಮ ಹೀಗೆ. ಮೊದಲು ದೀಪ ನೋಡುವುದು. ಆಮೇಲೆ ಕಂಪ್ಯೂಟರಿನ ವಿಳಾಸ. 169.254 ಆಗಿದ್ದರೆ ಕೇಬಲ್, ಸ್ವಿಚ್, ರೂಟರ್ ಪರೀಕ್ಷೆ. 192.168.1 ಇರಬೇಕಾದ ಕಡೆ 192.168.0 ಬಂದಿದ್ದರೆ ಯಾರೋ ಇನ್ನೊಂದು ರೂಟರ್ ತಂದು ಸಿಕ್ಕಿಸಿದ್ದಾರೆ, ಅದೂ ವಿಳಾಸ ಹಂಚುತ್ತಿದೆ. ವಿಳಾಸ ಸರಿಯಿದ್ದರೆ ರೂಟರಿನ 192.168.1.1ಕ್ಕೆ ಪಿಂಗ್ ಮಾಡಬೇಕು, ಅಂದರೆ ಇದ್ದೀಯಾ ಎಂದು ಕೂಗಿ ಕೇಳಬೇಕು. ಉತ್ತರ ಬಂದರೆ ಒಳಗಿನ ದಾರಿ ಸರಿ. ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ 8.8.8.8 ವಿಳಾಸಕ್ಕೆ. ಬಂದರೆ ಹೊರಲೈನ್ ಸರಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಡಿಎನ್ಎಸ್ ದೋಷ. ಇಷ್ಟೂ ಸರಿಯಿದ್ದು ಪಹಣಿ ಬರದಿದ್ದರೆ ಮಾತ್ರ ಸರ್ವರ್ ಹೋಗಿದೆ ಎನ್ನಬಹುದು. ಎಂಡಿಎಫ್, ಕ್ಯಾಬಿನೆಟ್, ಡಿಪಿ ಎಂದು ಹೆಜ್ಜೆ ಎಣಿಸುತ್ತಿದ್ದ ಲೈನ್‌ಮನ್‌ಗೆ ಇದರಲ್ಲಿ ಹೊಸದೇನೂ ಕಾಣದು.

ಆ ಮೇಲೆ ಹಳ್ಳಿಗೇ ಫೈಬರ್ ಬಂತು. 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಮುಂದೆ ಭಾರತ್‌ನೆಟ್ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಗಳನ್ನು ಮುಟ್ಟಿತು. ಪಂಚಾಯಿತಿಯ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಎಲ್ಒಎಸ್ ಎಂಬ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ, ಫೈಬರ್ ಎಲ್ಲೋ ತುಂಡಾಗಿದೆ ಎಂದರ್ಥ. ಪವರ್ ದೀಪವೇ ಇಲ್ಲವೆಂದರೆ ಕರೆಂಟ್ ಇಲ್ಲ. ಇವೆರಡನ್ನು ಬೇರೆ ಮಾಡಿ ಹೇಳಿದರೂ ದೂರು ಸರಿಯಾದವರಿಗೆ ಮುಟ್ಟುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ, ಮಲೆ ಮಹದೇಶ್ವರ ಬೆಟ್ಟದ ಹಿಂದಿನ ಹಾಡಿಗಳಿಗೆ, ಬಂಡೀಪುರದ ಅಂಚಿನ ಊರುಗಳಿಗೆ ತಂತಿ ಎಳೆಯುವುದೇ ದೊಡ್ಡ ಕೆಲಸ. ಅಂಥಲ್ಲಿಂದ ಬಸ್ಸು ಹತ್ತಿ ಬಂದವರನ್ನು ಸುಮ್ಮನೆ ನಾಳೆ ಬಾ ಎಂದು ಕಳಿಸಿದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜೂ ಹೋಗುತ್ತದೆ.

ಹಳೆಯ ಅಂಕಿಗಳ ಕಥೆ ಒಂದು ಮಟ್ಟಿಗೆ ಮುಗಿದಿದೆ. ಹಂಚಲು ಉಳಿದಿದ್ದ ಕೊನೆಯ ಗುಂಪುಗಳನ್ನು ಜಗತ್ತಿನ ಐದು ವಲಯಗಳಿಗೆ 2011ರ ಫೆಬ್ರವರಿ 3ರಂದು ಕೊಟ್ಟುಬಿಟ್ಟರು. 2012ರ ಜೂನ್ 6ರಿಂದ ಐಪಿ ಆರನೆಯ ಆವೃತ್ತಿ ಜಗತ್ತಿನಲ್ಲಿ ಅಧಿಕೃತವಾಗಿ ಬಳಕೆಗೆ ಬಂತು. ಭಾರತದಲ್ಲಿ ಅದನ್ನು ಹರಡಿದ್ದು ಮುಖ್ಯವಾಗಿ 2016ರ ನಂತರದ ಮೊಬೈಲ್ ಜಾಲಗಳು, ಈಗ ದೇಶದ ಅರ್ಧಕ್ಕಿಂತ ಹೆಚ್ಚು ಬಳಕೆದಾರರು ಹೊಸ ವಿಳಾಸದಲ್ಲೇ ಇದ್ದಾರೆ. ಗುಂಡ್ಲುಪೇಟೆ ಸಂತೆಯಲ್ಲಿ ಚೆಂಡುಹೂ ಮಾರಿ ಮೊಬೈಲಿನಲ್ಲಿ ಹಣ ಪಡೆಯುವ ರೈತನ ಕೈಯಲ್ಲೂ ಆ ಉದ್ದನೆಯ ಅಂಕಿ ಇರಬಹುದು. ಕಚೇರಿಯ ಮೂಲೆಯ ರೂಟರ್ ಮಾತ್ರ ಒಳಗಿನವರಿಗೆ ಇನ್ನೂ 192.168 ಹಂಚುತ್ತಲೇ ಇದೆ.

ಹಾಗಾಗಿ ನಾಡಕಚೇರಿ, ಪಂಚಾಯಿತಿಗಳಲ್ಲಿ ಇವತ್ತೇ ಆಗಬಹುದಾದ ಕೆಲಸಗಳು ಕೆಲವಿವೆ. ರೂಟರಿನ ಪ್ಲಗ್ಗನ್ನು ಯುಪಿಎಸ್‌ಗೆ ಬದಲಾಯಿಸುವುದು. ಪ್ರಿಂಟರಿಗೆ ರೂಟರ್ ಹಂಚದ ಒಂದು ವಿಳಾಸ ಮೀಸಲಿಡುವುದು. ಯಾವ ಮೇಜಿಗೆ ಯಾವ ಅಂಕಿ, ರೂಟರಿನದು ಯಾವುದು, ದೂರು ಕೊಡಬೇಕಾದ ನಂಬರ್ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು. ಪಕ್ಕದಲ್ಲಿ ಎಕ್ಸ್‌ಚೇಂಜಿನವರ ಡಾಕೆಟ್ ಪುಸ್ತಕದಂತೆ ಒಂದು ನೋಟ್‌ಬುಕ್: ನೆಟ್ ಹೋದ ವೇಳೆ, ಕಂಡ ದೀಪ, ಕಂಡ ಅಂಕಿ, ಉತ್ತರ ಬಂದ ಕೊನೆಯ ಕಟ್ಟೆ, ಬಂದ ವೇಳೆ. ಕಚೇರಿಗೊಬ್ಬರಿಗೆ ಅರ್ಧ ದಿನದ ತರಬೇತಿ ಕೊಟ್ಟರೆ ಇಷ್ಟು ನಡೆಯುತ್ತದೆ. ಆಗ ಕಿಟಕಿಯಲ್ಲಿ ಕೂತವರು ಎದುರಿಗೆ ನಿಂತ ರೈತನಿಗೆ “ನಮ್ಮ ರೂಟರ್ ನಿಂತಿದೆ, ಹತ್ತು ನಿಮಿಷ ಕೂತ್ಕೊಳಿ” ಎಂದೋ, “ಹೊರಗೆ ಫೈಬರ್ ತುಂಡಾಗಿದೆ, ಫೋನ್ ನಂಬರ್ ಬರೆಸಿ ಹೋಗಿ, ಸರಿಯಾದಾಗ ತಿಳಿಸ್ತೀವಿ” ಎಂದೋ ಹೇಳಬಹುದು.